ನಲವತ್ತು ನಿಮಿಷ ಎಲ್ಲಿ ಹೋಯಿತು?

ಗುಂಡಿರಾಯರು ಜೀವಮಾನದಲ್ಲಿ ಮಾಡಿದ ದೊಡ್ಡ ತಪ್ಪೆಂದರೆ, ಒಂದು ದಿನ ಯಾವ ತಪ್ಪನ್ನೂ ಮಾಡದೆ ಮನೆಗೆ ಬಂದದ್ದು.

ಗುಂಡಿರಾಯ ಎಂಬುದು ಬೀದಿಯವರು ಇಟ್ಟ ಹೆಸರು. ಅವರಿಗೆ ಗುಂಡಿ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಅಂಗಿಯ ಗುಂಡಿಗಳು ರಬ್ಬರ್ ಪಟ್ಟಿಯ ಮೇಲೆ ಸಾಲುಗಟ್ಟಿ ಬರುತ್ತವೆ. ನಾಲ್ಕು ತೂತು ಇರಬೇಕಾದಲ್ಲಿ ಮೂರೇ ಇರುವಂಥದನ್ನು ರಾಯರು ಎತ್ತಿ ಪಕ್ಕದ ಡಬ್ಬಕ್ಕೆ ಹಾಕುತ್ತಾರೆ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಮೇಲೆ ಅವರ ಕಣ್ಣು ಅವರ ಮಾತು ಕೇಳುವುದನ್ನು ಬಿಟ್ಟಿದೆ. ಎದುರಿಗೆ ಯಾರೇ ಬಂದರೂ ಮೊದಲು ಗುಂಡಿ ಎಣಿಸಿ, ಆಮೇಲೆ ಮುಖ ನೋಡುತ್ತದೆ.

ಕಾರ್ಖಾನೆ ಬಿಡುವುದು ಆರು ಗಂಟೆಗೆ. ಸ್ಕೂಟರ್ ಕಲಿಯಲು ಹೋಗಿ ಎರಡು ಸಲ ಒಂದೇ ಕಾಂಪೌಂಡಿಗೆ ಗುದ್ದಿದ ರಾಯರನ್ನು ಕರೆತರಲು ಅವರ ಹೆಂಡತಿಯೇ ಬರುತ್ತಾಳೆ. ಆಕೆ ಶಾಲೆಯ ಪ್ರಯೋಗಶಾಲೆಯಲ್ಲಿ ಸಹಾಯಕಿ; ಆಮ್ಲವನ್ನು ಹನಿ ಹನಿಯಾಗಿ ಅಳೆದು ಕೊಡುವವಳು. ಅಳತೆ ಅವಳ ಮೈಗೇ ಇಳಿದುಬಿಟ್ಟಿದೆ. ರೇಡಿಯೋದಲ್ಲಿ ಐದೂವರೆಯ ಕೊನೆಯ ‘ಪೀಂ’ ಕೇಳಿಸಿದಾಗಲೇ ಅವಳು ಸ್ಕೂಟರಿಗೆ ಒದೆಯುವುದು. ವೇಗದ ಮುಳ್ಳು ಇಪ್ಪತ್ತನಾಲ್ಕಕ್ಕೆ ಬಂದು ನಿಂತರೆ ಅಲ್ಲಿಂದ ಅಲುಗುವುದಿಲ್ಲ. ಆರಕ್ಕೆ ಸರಿಯಾಗಿ ಕಾರ್ಖಾನೆಯ ಗೇಟು, ಆರೂವರೆಗೆ ಸರಿಯಾಗಿ ಮನೆ. ಆ ಅರ್ಧ ಗಂಟೆ ರಾಯರು ಹಿಂದೆ ಕೂತು, ಆ ದಿನ ಸಿಕ್ಕ ಮೂರು ತೂತಿನ ಗುಂಡಿಗಳ ಕಥೆಯನ್ನು ಅವಳ ಬೆನ್ನಿಗೆ ಹೇಳುತ್ತಾರೆ. ಅವಳು ಗಾಳಿಯಲ್ಲಿ “ಹೂಂ” ಅನ್ನುತ್ತಾಳೆ. ಅವರಿಬ್ಬರ ಸಂಸಾರದ ಸುಖ ಬಹುಪಾಲು ಆ ಅರ್ಧ ಗಂಟೆಯಲ್ಲೇ ಇತ್ತು.

ಕಾರ್ಖಾನೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಒಂದು ಬೇಕರಿ. ಎರಡು ತಿಂಗಳ ಹಿಂದೆ ಡಾಕ್ಟರು ರಾಯರ ರಕ್ತಪರೀಕ್ಷೆಯ ಚೀಟಿ ನೋಡಿ, “ಸಕ್ಕರೆ ಮುಟ್ಟಬೇಡಿ, ದಿನಾ ನಡೀರಿ” ಅಂದಿದ್ದರು. ರಾಯರು ಹೆಂಡತಿಯ ಕೈ ಮೇಲೆ ಕೈ ಇಟ್ಟು ಭಾಷೆ ಕೊಟ್ಟಿದ್ದರು. ಸ್ಕೂಟರು ಬೇಕರಿ ದಾಟುವಾಗ ಪ್ರತಿದಿನ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೂಗು ಮುಚ್ಚಲು ಕೈಗೆ ಬಿಡುವಿರಲಿಲ್ಲ.

ಆ ದಿನ ಕಾರ್ಖಾನೆಯ ಯಂತ್ರ ಕೆಟ್ಟು, ಐದಕ್ಕೇ ಎಲ್ಲರನ್ನೂ ಬಿಟ್ಟರು. ಫೋನ್ ಮಾಡೋಣವೆಂದರೆ ರಾಯರ ಫೋನಿನ ಪ್ರಾಣ ಮಧ್ಯಾಹ್ನವೇ ಹೋಗಿತ್ತು. ಗೇಟಿನಲ್ಲಿ ಒಂದು ಗಂಟೆ ಕಾಯುವ ಬದಲು ರಾಯರು ಡಾಕ್ಟರ ಮಾತು ನೆನೆದು ಮನೆಯ ಕಡೆ ನಡೆದೇಬಿಟ್ಟರು. ಬೇಕರಿ ಬಂದಾಗ ರಸ್ತೆ ದಾಟಿ ಎದುರು ಬದಿಗೆ ಹೋದರು, ಉಸಿರು ಕಟ್ಟಿಕೊಂಡರು, ಗೆದ್ದರು. ನೀರಿನ ಟ್ಯಾಂಕಿನ ಹತ್ತಿರ ಹೆಂಡತಿಯ ಸ್ಕೂಟರು ಎದುರಾಯಿತು. ಹತ್ತಿ ಕೂತು ಮನೆಗೆ ಬಂದರು. ಆಗ ಗಂಟೆ ಆರು ಹತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಗೋಡೆಯಾಚೆ ಕಂಟ್ರೋಲರ್ ನಿಂತಿದ್ದರು.

ಅವರು ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಬಸ್ಸುಗಳು ಅವರ ಕೈಬಿಟ್ಟರೂ ಅವರು ವೇಳೆ ಬರೆಯುವ ಪುಸ್ತಕ ಬಿಟ್ಟಿರಲಿಲ್ಲ. ಬೀದಿಯಲ್ಲಿ ಯಾರು ಎಷ್ಟಕ್ಕೆ ಹೊರಟರು, ಎಷ್ಟಕ್ಕೆ ಬಂದರು, ಎಲ್ಲ ಅದರಲ್ಲಿ ಬರೆದಿಡುತ್ತಿದ್ದರು.

“ಏನು ಸ್ವಾಮಿ, ಇವತ್ತು ಇಪ್ಪತ್ತು ನಿಮಿಷ ಬೇಗ?” ಅಂದರು ಕಂಟ್ರೋಲರ್.

“ಐದಕ್ಕೇ ಬಿಟ್ರು ಸಾರ್. ನಡ್ಕೊಂಡೇ ಹೊರಟೆ. ಟ್ಯಾಂಕ್ ತನಕ ಇಪ್ಪತ್ತೇ ನಿಮಿಷ! ನೆಲಕ್ಕೆ ಕಾಲೇ ತಾಗಲಿಲ್ಲ ಅಂದ್ಕೊಳಿ.” ರಾಯರ ಕೈಯಲ್ಲಿ ಗಡಿಯಾರವಿರಲಿಲ್ಲ, ಎಷ್ಟು ಹೊತ್ತು ನಡೆದೆನೆಂಬುದು ಅವರಿಗೆ ಗೊತ್ತೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಹೇಳುವಾಗ ಮನುಷ್ಯ ತನಗೆ ಒಪ್ಪುವ ಸಂಖ್ಯೆಯನ್ನೇ ಆರಿಸಿಕೊಳ್ಳುತ್ತಾನೆ.

ಕಂಟ್ರೋಲರ್ ಕನ್ನಡಕ ಏರಿಸಿದರು. “ಒಂದು ಗಂಟೆ ಮುಂಚೆ ಬಿಟ್ರಿ. ಇಪ್ಪತ್ತು ನಿಮಿಷ ಮುಂಚೆ ಬಂದ್ರಿ. ಹಾಗಾದ್ರೆ ನಲವತ್ತು ನಿಮಿಷ ಎಲ್ಲಿ ಹೋಯ್ತು ಸ್ವಾಮಿ?”

ರಾಯರು ಬೆರಳು ಮಡಿಸಿ ಎಣಿಸತೊಡಗಿದರು. ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು.

“ಅಲ್ಲ, ಅದು... ದಾರೀಲಿ...” ಅಂದರು ರಾಯರು.

“ದಾರೀಲಿ ಏನಿದೆ ರೀ?” ಹೆಂಡತಿ ಮೆಲ್ಲಗೆ ಕೇಳಿದಳು.

ದಾರಿಯಲ್ಲಿ ಏನಿದೆ ಎಂಬುದು ಇಡೀ ಬೀದಿಗೆ ಗೊತ್ತಿತ್ತು.

“ಭಾಷೆ ಕೊಟ್ಟಿದ್ರಿ” ಅಂದಳು. ದನಿ ಏರಲಿಲ್ಲ. ಏರಿದ್ದರೆ ರಾಯರಿಗೆ ಇಷ್ಟು ಭಯವಾಗುತ್ತಿರಲಿಲ್ಲ. “ಆ ನಲವತ್ತು ನಿಮಿಷ ಎಲ್ಲಿದ್ರಿ ಅಂತ ತಿಳಿಯೋ ತನಕ ನಾನು ಕರ್ಕೊಂಡು ಬರೋಕೆ ಬರಲ್ಲ. ಬಸ್ಸಿಗೆ ಬನ್ನಿ.”

ಒಳಗಿನಿಂದ ರಾಯರ ಅತ್ತೆ ಹೆಣೆಯುತ್ತಿದ್ದ ಸ್ವೆಟರ್ ಸಮೇತ ಹೊರಗೆ ಬಂದರು. “ನಲವತ್ತು ನಿಮಿಷ! ಅಷ್ಟು ಹೊತ್ತಲ್ಲಿ ನಾನು ಒಂದು ತೋಳು ಹೆಣೀತೀನಿ. ತಿನ್ನೋಕೆ ಕೂತ್ರೆ ಕೇಳ್ಬೇಕಾ!”

ಮರುದಿನದಿಂದ ರಾಯರು ಬಸ್ಸಿನಲ್ಲಿ ಬರತೊಡಗಿದರು. ಎರಡು ಬಸ್ ಬದಲಿಸಬೇಕು, ಒಂದೂಕಾಲು ಗಂಟೆ. ಮೂರು ತೂತಿನ ಗುಂಡಿಯ ಕಥೆಯನ್ನು ಪಕ್ಕದಲ್ಲಿ ಕೂತವನಿಗೆ ಹೇಳಲು ನೋಡಿದರು. ಅವನು ಎದ್ದು ಬೇರೆ ಸೀಟಿಗೆ ಹೋದ. ಕಥೆಗಳು ಒಳಗೇ ಒಟ್ಟುಗೂಡತೊಡಗಿದವು.

ಬೀದಿಯಲ್ಲಿ ನಲವತ್ತು ನಿಮಿಷ ತಾನಾಗಿಯೇ ಬೆಳೆಯಿತು. ಇಸ್ತ್ರಿಯವನು ರಾಯರ ಅಂಗಿಯ ಜೇಬನ್ನು ತಿರುವಿ ನೋಡಿ, “ಚೂರು ಪಾರು ಏನೂ ಇಲ್ಲ. ತುಂಬಾ ಜಾಣರು” ಅಂದ. ನಲವತ್ತು ನಿಮಿಷದಲ್ಲಿ ಎಂಟು ಕೇಕ್ ತಿನ್ನಬಹುದೆಂದು ಎದುರು ಮನೆಯವರು ಅಂದಾಜಿಸಿದರು. ಪಕ್ಕದ ಬೀದಿಗೆ ಹೋಗುವಷ್ಟರಲ್ಲಿ ಅದು ಇಪ್ಪತ್ತಾಗಿತ್ತು. ಅದರಾಚೆಯ ಬೀದಿಯಲ್ಲಿ, ಇಷ್ಟೊಂದು ಕೇಕ್ ಮನುಷ್ಯ ಸ್ವಂತ ಬೇಕರಿ ಇಲ್ಲದೆ ತಿನ್ನಲಾರ ಎಂದು ಯಾರೋ ಬುದ್ಧಿವಂತರು ತರ್ಕ ಮಾಡಿದರು. ಶುಕ್ರವಾರ ಅಪರಿಚಿತರೊಬ್ಬರು ಬಾಗಿಲು ತಟ್ಟಿ, ಮಗಳ ಹುಟ್ಟುಹಬ್ಬಕ್ಕೆ ಎರಡು ಕಿಲೋ, ಮೇಲೆ ಗುಲಾಬಿ ಹೂವು ಇರಲಿ ಎಂದು ಹೇಳಿ ಹೋದರು.

“ನಮ್ದು ಬೇಕರಿ ಇಲ್ಲ ಸಾರ್!” ಎಂದು ರಾಯರು ಗೇಟಿನವರೆಗೆ ಓಡಿದರು.

“ಗೊತ್ತು ಗೊತ್ತು, ಮನೇಲಿ ಗೊತ್ತಾಗ್ಬಾರ್ದು ಅಲ್ವಾ?” ಎಂದು ಅವರು ಕಣ್ಣು ಮಿಟುಕಿಸಿದರು. ಕಿಟಕಿಯ ಪರದೆ ಅಲ್ಲಾಡಿತು. ಹೆಂಡತಿ ಕೇಳಿಸಿಕೊಂಡಿದ್ದಳು.

ಆ ಸಂಜೆಯೇ ರಾಯರು ಲೆಕ್ಕ ಹಾಕಲು ಕೂತರು. ಶಾಲೆಯಲ್ಲಿ ಲೆಕ್ಕದಲ್ಲಿ ತಾವು ಹುಲಿ ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದರು. ಹುಲಿ ಹಾಳೆಯ ಮೇಲೆ ಅರ್ಧ ಗಂಟೆ ಓಡಾಡಿತು. ಮೊದಲನೆಯ ಉತ್ತರದ ಪ್ರಕಾರ ಹೆಂಡತಿ ಸ್ಕೂಟರನ್ನು ಗಂಟೆಗೆ ತೊಂಬತ್ತಾರು ಕಿಲೋಮೀಟರ್ ವೇಗದಲ್ಲಿ ಓಡಿಸಿದ್ದಳು. ಎರಡನೆಯದರ ಪ್ರಕಾರ ಇಬ್ಬರೂ ಎದುರಾಗಿಯೇ ಇರಲಿಲ್ಲ. ಮೂರನೆಯದರ ಪ್ರಕಾರ ರಾಯರು ಇನ್ನೂ ಮನೆಗೆ ಬಂದೇ ಇರಲಿಲ್ಲ. ಎಲ್ಲಿ ಹೋದರೆಂಬುದು ತಿಳಿದಿರಲಿಲ್ಲ.

ಶನಿವಾರ ಬೆಳಗ್ಗೆ ರಾಯರು ಹಾಳೆ ಹರಿದು, ಕಾರ್ಖಾನೆಯಿಂದ ಮನೆಗೆ ತಂದಿಟ್ಟಿದ್ದ ತಿರಸ್ಕೃತ ಗುಂಡಿಗಳ ಡಬ್ಬವನ್ನು ಊಟದ ಮೇಜಿನ ಮೇಲೆ ಸುರಿದರು. ಅಕ್ಷರಕ್ಕೂ ಅಂಕೆಗೂ ಮಣಿಯದ್ದು ಗುಂಡಿಗಾದರೂ ಮಣಿದೀತು. ಒಂದು ಗುಂಡಿ ಎಂದರೆ ಸ್ಕೂಟರಿನ ಒಂದು ನಿಮಿಷ. ಮೇಲಿನ ಸಾಲಿನಲ್ಲಿ ಮೂವತ್ತು: ಮನೆಯಿಂದ ಕಾರ್ಖಾನೆಗೆ. ಕೆಳಗಿನ ಸಾಲಿನಲ್ಲಿ ಮೂವತ್ತು: ಕಾರ್ಖಾನೆಯಿಂದ ಮನೆಗೆ. ಹೆಂಡತಿಯ ಸ್ಥಾನದಲ್ಲಿ ಕೋಟಿನ ದೊಡ್ಡ ಕೆಂಪು ಗುಂಡಿ. ತಮ್ಮ ಸ್ಥಾನದಲ್ಲಿ, ಪ್ರಾಮಾಣಿಕವಾಗಿ, ಮೂರು ತೂತಿನದು.

ಕೆಂಪು ಗುಂಡಿ ದಿನಾ ಅರವತ್ತು ಗುಂಡಿ ದಾಟುತ್ತದೆ. ಆ ದಿನ ಇಪ್ಪತ್ತು ನಿಮಿಷ ಬೇಗ ಮನೆ ಸೇರಿತು. ಅಂದರೆ ಇಪ್ಪತ್ತು ಗುಂಡಿ ದಾಟಲಿಲ್ಲ. ರಾಯರು ಕೆಳಗಿನ ಸಾಲಿನಿಂದ ಇಪ್ಪತ್ತು ಎತ್ತಿದರು. ಈಗ ಮೇಲೆ ಮೂವತ್ತು, ಕೆಳಗೆ ಹತ್ತು. ಸ್ಕೂಟರು ಮೂವತ್ತು ನಿಮಿಷ ಹೋಗಿ ಹತ್ತೇ ನಿಮಿಷದಲ್ಲಿ ಬಂತೆ? ರಾಯರು ತಲೆ ಮೇಲೆ ಕೈ ಹೊತ್ತು ಕೂತರು.

ಅಷ್ಟರಲ್ಲಿ ಅತ್ತೆ ಮುಗಿದ ಸ್ವೆಟರ್ ಹಿಡಿದು ಬಂದರು. ಮೇಜಿನ ಮೇಲೆ ಗುಂಡಿ ನೋಡಿ ಅವರ ಮುಖ ಅರಳಿತು.

“ಅಂತೂ ನನ್ನ ಸ್ವೆಟರಿನ ಮೇಲೆ ಗಮನ ಬಂತಲ್ಲ ಅಳಿಯಂದ್ರೇ! ಆದ್ರೆ ಇದೇನಿದು, ಒಂದು ಕಡೆ ಮೂವತ್ತು, ಇನ್ನೊಂದು ಕಡೆ ಹತ್ತು? ಯಾರಾದ್ರೂ ಹಾಕ್ಕೊಳ್ಳೋ ಹಾಗಿದೆಯಾ? ಎರಡೂ ಕಡೆ ಸಮ ಇರ್ಬೇಕು.” ಹೀಗೆಂದು ಮೇಲಿನ ಸಾಲಿನ ಹತ್ತು ಗುಂಡಿ ಬಾಚಿ ಕೆಳಗಿನ ಸಾಲಿಗೆ ಸೇರಿಸಿದರು. ಮೇಲೆ ಇಪ್ಪತ್ತು. ಕೆಳಗೆ ಇಪ್ಪತ್ತು.

ರಾಯರು ಎದ್ದ ರಭಸಕ್ಕೆ ಕುರ್ಚಿ ಬಿತ್ತು.

“ಅತ್ತೆ! ಹೋದಷ್ಟೇ ಬರಬೇಕು!”

“ಮತ್ತೆ? ಹೋದವರು ಬರದೇ ಇರ್ತಾರಾ?”

“ಇಪ್ಪತ್ತು ನಿಮಿಷ ಹೋದ್ಲು, ಇಪ್ಪತ್ತು ನಿಮಿಷ ಬಂದ್ಲು! ಉಳಿದ ಇಪ್ಪತ್ತರಲ್ಲಿ ಹತ್ತು ಹೋಗೋವಾಗ ಉಳೀತು, ಹತ್ತು ಬರೋವಾಗ! ಐದೂವರೆಗೆ ಹೊರಟವಳು ಐದು ಐವತ್ತಕ್ಕೆ ನನ್ನನ್ನ ಹಿಡಿದ್ಲು! ಐದರಿಂದ ಐದು ಐವತ್ತರ ತನಕ ನಾನು ನಡೀತಾನೇ ಇದ್ದೆ!” ರಾಯರು ಅತ್ತೆಯ ಕಾಲಿಗೆ ಬಿದ್ದರು. ಅತ್ತೆ ಹೆದರಿ ಸ್ವೆಟರ್ ಎದೆಗೆ ಅಪ್ಪಿಕೊಂಡರು.

ರಾಯರು ಮೇಜನ್ನೇ ಹೊರಗೆ ಹೊರಿಸಿಕೊಂಡು ಬಂದು ಕಂಟ್ರೋಲರರ ಮುಂದೆ ಇಟ್ಟರು. ಬೀದಿ ನೆರೆಯಿತು. ಕಂಟ್ರೋಲರ್ ಕೆಂಪು ಗುಂಡಿಯನ್ನು ತಾವೇ ಬೆರಳಿನಿಂದ ತಳ್ಳಿ, ಹೋಗಿ ಬಂದು, ಮೂರು ಸಲ ಪರೀಕ್ಷಿಸಿದರು.

“ಸರಿ ಇದೆ” ಅಂದರು ಕೊನೆಗೆ, ಹಲ್ಲು ಕೀಳಿಸಿಕೊಂಡವರ ಹಾಗೆ. “ನಲವತ್ತು ನಿಮಿಷ ಕಳೆದೇ ಇಲ್ಲ. ನನ್ನ ಪ್ರಶ್ನೆಯೇ ತಪ್ಪು. ನೀವು ಒಂದು ಗಂಟೆ ಮುಂಚೆ ಬಿಟ್ರಿ ಅಂತ ನಿಮ್ಮನೆಯವ್ರಿಗೆ ಗೊತ್ತಿರಲಿಲ್ಲ, ಅವ್ರು ಐದೂವರೆಗೇ ಹೊರಟ್ರು.”

ರಾಯರು ಎದೆ ಉಬ್ಬಿಸಿ ಹೆಂಡತಿಯ ಕಡೆ ನೋಡಿದರು. ಅವಳ ಮುಖ ಸಡಿಲವಾಗಲು ಆಗಲೇ ಶುರುವಾಗಿತ್ತು.

“ಆದ್ರೆ...” ಅಂದರು ಕಂಟ್ರೋಲರ್, ಪುಸ್ತಕದ ಹಾಳೆ ತಿರುವುತ್ತ. “ರಸ್ತೇಲಿ ಐವತ್ತು ನಿಮಿಷ ಇದ್ರಿ. ಟ್ಯಾಂಕ್ ತನಕ ನಡೆಯೋಕೆ ‘ಇಪ್ಪತ್ತೇ ನಿಮಿಷ, ನೆಲಕ್ಕೆ ಕಾಲೇ ತಾಗಲಿಲ್ಲ’ ಅಂತ ನೀವೇ ಹೇಳಿದ್ದು. ಬರ್ಕೊಂಡಿದೀನಿ. ಹಾಗಾದ್ರೆ ಮೂವತ್ತು ನಿಮಿಷ ಎಲ್ಲಿ ಹೋಯ್ತು?”

“ಮೂವತ್ತು ನಿಮಿಷಕ್ಕೆ ಆರು ಕೇಕ್” ಅಂದ ಇಸ್ತ್ರಿಯವನು.

ಹೆಂಡತಿಯ ಮುಖ ಮತ್ತೆ ಬಿಗಿಯಿತು. “ನಂಗೆ ನಿಮಿಷ ಬೇಡ ರೀ. ಒಳಗೆ ಹೋದ್ರಾ, ಇಲ್ವಾ?”

ಗುಂಡಿರಾಯರು ಆ ಕ್ಷಣ ತಮ್ಮ ಬಾಳಿನ ಅತ್ಯಂತ ಕಷ್ಟದ ಮಾತನ್ನು ಆಡಿದರು.

“ನಾನು ಸುಳ್ಳು ಹೇಳಿದೆ. ಇಪ್ಪತ್ತು ನಿಮಿಷ ಅಲ್ಲ. ನಾನು ಅಷ್ಟು ಬೇಗ ನಡೆಯಲ್ಲ. ನಾನು... ನಿಧಾನ.” “ಶಾಲೇಲಿ ಲೆಕ್ಕದಲ್ಲಿ ಹುಲೀನೂ ಅಲ್ಲ” ಎಂದು ಸೇರಿಸಿದರು. ಒಮ್ಮೆ ಬಾಗಿಲು ತೆರೆದ ಮೇಲೆ ಎಲ್ಲ ಹೊರಬಂದುಬಿಡುವುದು ಹೀಗೆಯೇ.

“ನಿಧಾನ ಅಂತ ಯಾರು ಬೇಕಾದ್ರೂ ಹೇಳ್ಬಹುದು” ಅಂದರು ಕಂಟ್ರೋಲರ್. “ಅದಕ್ಕೆ ಪ್ರಮಾಣ?”

“ಪ್ರಮಾಣ ನಾನೇ ನೋಡ್ತೀನಿ” ಅಂದಳು ಹೆಂಡತಿ. ಅವಳ ದನಿಯಲ್ಲಿ ಪ್ರಯೋಗಶಾಲೆ ಇತ್ತು. “ನಾಳೆ ಭಾನುವಾರ. ನೀವು ಐದಕ್ಕೆ ಸರಿಯಾಗಿ ಕಾರ್ಖಾನೆ ಗೇಟಿಂದ ಹೊರಡಿ. ನಾನು ಐದೂವರೆಗೆ ಮನೆಯಿಂದ. ಇಬ್ಬರೂ ಟ್ಯಾಂಕಿನ ಹತ್ರಾನೇ ಎದುರಾದ್ರೆ, ನೀವು ಎಲ್ಲೂ ನಿಂತಿಲ್ಲ. ನೀವು ಟ್ಯಾಂಕ್ ದಾಟಿ ಮುಂದೆ ಬಂದಿದ್ರೆ, ಅವತ್ತು ಎಲ್ಲೋ ಕೂತಿದ್ರಿ. ವಾಚು ಬೇಡ, ಫೋನು ಬೇಡ.”

“ನಾನು ಬೇಕರಿ ಬಾಗಿಲಲ್ಲಿ ಕಾವಲು ನಿಲ್ತೀನಿ” ಅಂದರು ಅತ್ತೆ, ಸ್ವಲ್ಪ ಜಾಸ್ತಿಯೇ ಉತ್ಸಾಹದಿಂದ.

ಭಾನುವಾರ ಸಂಜೆ ಐದಕ್ಕೆ ಗೇಟಿನಲ್ಲಿ ಕಂಟ್ರೋಲರ್ ಮೂವತ್ತು ವರ್ಷದ ಹಳೆಯ ಸೀಟಿ ಊದಿದರು. ರಾಯರು ಹೊರಟರು. ಕಂಟ್ರೋಲರ್ ಬಸ್ ಹತ್ತಿ ಟ್ಯಾಂಕಿಗೆ ಹೋದರು. ಬಸ್ಸು ರಾಯರನ್ನು ದಾಟುವಾಗ ಕಿಟಕಿಯಿಂದ ತಲೆ ಹಾಕಿ ಎರಡು ಸಲ ನೋಡಿದರು.

ಜಗತ್ತಿನಲ್ಲಿ ಬೇಗ ನಡೆದು ಗೆದ್ದವರು ಬೇಕಾದಷ್ಟು ಜನ. ತಮ್ಮ ಸಹಜ ನಿಧಾನದಲ್ಲೇ ನಡೆದು ಗೆಲ್ಲಬೇಕಾದ ಪಂದ್ಯ ರಾಯರ ಪಾಲಿಗೆ ಬಂದಿತ್ತು. ಬೇಗ ನಡೆದರೆ ಕಳ್ಳ. ಬೇಕೆಂದೇ ನಿಧಾನ ಮಾಡಿದರೂ ಕಳ್ಳ. ತಾನು ಹೇಗೆ ನಡೆಯುತ್ತೇನೆ ಎಂದು ಯೋಚಿಸಿದ ಕೂಡಲೇ ರಾಯರಿಗೆ ನಡೆಯುವುದೇ ಮರೆತುಹೋಯಿತು. ಎಡಗಾಲು ಮುಂದಿಟ್ಟು, ಎಡಗೈಯನ್ನೂ ಮುಂದೆ ಬೀಸಿದರು. ದಾರಿಹೋಕರೊಬ್ಬರು, “ಹುಷಾರಿದೀರಾ?” ಎಂದು ಕೇಳಿದರು.

ಆಗ ಅವರ ಕಣ್ಣು ತನ್ನ ಕೆಲಸ ಶುರುಮಾಡಿತು. ಕೇಳಿದವರ ಅಂಗಿಗೆ ಏಳು ಗುಂಡಿ. ಹಿಂದಿನವನಿಗೆ ಆರು. ಸೈಕಲ್ಲಿನವನಿಗೆ ಏಳು, ಕೊರಳಿನದು ಬೇರೆ ಬಣ್ಣ, ಅದೂ ನೂಲಿನಲ್ಲಿ ನೇತಾಡುವಂಥದು. ಗುಂಡಿ ಎಣಿಸುತ್ತ ಹೋದಂತೆ ಕಾಲುಗಳು ತಮ್ಮ ಪಾಡಿಗೆ ತಾವು ನಡೆದವು. ಆ ದಿನವೂ ಹೀಗೇ ನಡೆದಿದ್ದರು.

ಬೇಕರಿ ಬಂತು. ರಾಯರು ಎದುರು ಬದಿಗೆ ದಾಟಿ ಉಸಿರು ಕಟ್ಟಿದರು. ಕಾವಲುಗಾರ್ತಿ ಬಾಗಿಲಲ್ಲಿ ಇರಲಿಲ್ಲ. ಗಾಜಿನೊಳಗೆ, ಮೇಜಿನ ಮುಂದೆ ಕೂತು, ಮೂಗಿನ ತುದಿಗೆ ಬಿಳಿ ಕ್ರೀಂ ಮೆತ್ತಿಕೊಂಡು ಕರ್ತವ್ಯ ನಿರ್ವಹಿಸುತ್ತಿದ್ದರು. ಬೇಕರಿಯವನು ರಾಯರನ್ನು ಕಂಡು ಹೊರಗೆ ಓಡಿಬಂದ.

“ಸಾರ್! ಏನ್ ಸಾರ್, ಎರಡು ತಿಂಗಳಾಯ್ತು, ಈ ಕಡೆ ತಲೇನೇ ಹಾಕಿಲ್ಲ! ನಮ್ಮ ಮೇಲೆ ಏನಾದ್ರೂ ಬೇಜಾರಾ?”

ಎರಡು ತಿಂಗಳು! ಇದೊಂದು ಮಾತನ್ನು ಎಂಟು ದಿನದ ಹಿಂದೆಯೇ ಯಾರಾದರೂ ಬೇಕರಿಯವನನ್ನು ಕೇಳಿದ್ದರೆ ಸಾಕಿತ್ತು. ಇಡೀ ಬೀದಿ ಲೆಕ್ಕ ಹಾಕಿತ್ತೇ ಹೊರತು ಯಾರೂ ಕೇಳಿರಲಿಲ್ಲ. ರಾಯರ ಬಾಯಿಗೆ ಮಾತು ಬಂತು. ಆದರೆ ನಿಂತರೆ ಸಮಯ ಹೋಗುತ್ತದೆ, ಉಸಿರು ಬಿಟ್ಟರೆ ವಾಸನೆ ಬರುತ್ತದೆ. ಕೆನ್ನೆ ಉಬ್ಬಿಸಿಕೊಂಡೇ ಕೈ ಬೀಸಿ ಮುಂದೆ ನಡೆದರು.

ಟ್ಯಾಂಕು ದೂರದಲ್ಲಿ ಕಂಡಿತು. ಅದರ ಬುಡದಲ್ಲಿ ಅರ್ಧ ಬೀದಿಯೇ ನೆರೆದಿತ್ತು. ಆದರೆ ಆಚೆಯ ರಸ್ತೆ ಖಾಲಿ. ಸ್ಕೂಟರಿನ ಸುಳಿವಿಲ್ಲ. ಬೇಗ ಬಂದುಬಿಟ್ಟೆನೆ? ಮೂವತ್ತು ಹೆಜ್ಜೆ ಉಳಿಯಿತು. ಇಪ್ಪತ್ತು. ಕಾಲು ತಡೆಯೋಣವೇ ಎಂದುಕೊಂಡರು. ತಡೆದರೆ ಅದು ಸುಳ್ಳು. ಸುಳ್ಳಿನ ಫಲ ವಾರವಿಡೀ ಬಸ್ಸಿನಲ್ಲಿ ಉಂಡಾಗಿತ್ತು. ರಾಯರು ತಡೆಯಲಿಲ್ಲ. ಎದುರು ನಿಂತ ಇಸ್ತ್ರಿಯವನ ಅಂಗಿಯ ಗುಂಡಿ ಎಣಿಸುತ್ತ ಹೆಜ್ಜೆ ಹಾಕಿದರು. ಒಂದು, ಎರಡು, ಮೂರು...

ತಿರುವಿನಿಂದ ಸ್ಕೂಟರು ಬಂತು. ಮುಳ್ಳು ಇಪ್ಪತ್ತನಾಲ್ಕರಲ್ಲಿ. ರಾಯರ ಚಪ್ಪಲಿ ಟ್ಯಾಂಕಿನ ನೆರಳಿನಲ್ಲಿ, ಸ್ಕೂಟರಿನ ಚಕ್ರ ಅದೇ ನೆರಳಿನಲ್ಲಿ, ಒಟ್ಟಿಗೇ ನಿಂತವು.

ಸೀಟಿ ಕಿವಿ ಕಿತ್ತುಹೋಗುವ ಹಾಗೆ ಮೊಳಗಿತು. “ಐದು ಗಂಟೆ ಐವತ್ತು ನಿಮಿಷ, ಹನ್ನೊಂದು ಸೆಕೆಂಡ್!” ಕಂಟ್ರೋಲರ್ ಕೂಗಿದರು. ಬೀದಿಯೆಲ್ಲ ಚಪ್ಪಾಳೆ ಹೊಡೆಯಿತು. ಇಸ್ತ್ರಿಯವನು ರಾಯರನ್ನು ಹೆಗಲ ಮೇಲೆ ಎತ್ತಲು ನೋಡಿ, ಆಗದೆ, ಒಂದು ಕಾಲನ್ನು ಮಾತ್ರ ಎತ್ತಿ ಇಳಿಸಿದ.

“ಆ ಹನ್ನೊಂದು ಸೆಕೆಂಡ್?” ಎಂದು ಕಂಟ್ರೋಲರ್ ಕೊನೆಯ ಪ್ರಯತ್ನ ಮಾಡಿದರು.

“ದಾರೀಲಿ ಒಬ್ಬರ ಕೊರಳ ಗುಂಡಿ ಬೀಳೋ ಹಾಗಿತ್ತು. ನಿಂತು ಹೇಳಿದೆ.”

ಹೆಂಡತಿ ಸೀಟಿನ ಹಿಂಭಾಗವನ್ನು ಸೆರಗಿನ ತುದಿಯಿಂದ ಒರೆಸಿ, “ಕೂತ್ಕೊಳ್ಳಿ” ಅಂದಳು. ಗುಂಡಿರಾಯರು ರಾಜರ ಹಾಗೆ ಹತ್ತಿದರು.

ಮರುದಿನ, ಸೋಮವಾರ, ಕಂಟ್ರೋಲರ್ ಗೋಡೆಯ ಬಳಿ ನಿಂತಿದ್ದಾಗ ಎಂದೂ ಆಗದ್ದು ಆಯಿತು. ರೇಡಿಯೋ ಇನ್ನೂ ‘ಪೀಂ’ ಅಂದಿರಲಿಲ್ಲ. ಐದು ಇಪ್ಪತ್ತೈದಕ್ಕೇ ಸ್ಕೂಟರು ಹೊರಟುಹೋಯಿತು. ಅವರು ವಾಚನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಆರೂವರೆಯಾಯಿತು, ಸ್ಕೂಟರಿಲ್ಲ. ಆರು ಮುಕ್ಕಾಲು, ಇಲ್ಲ. ಆರು ಐವತ್ತಕ್ಕೆ ಗಂಡ ಹೆಂಡತಿ ನಗುತ್ತ ಬಂದಿಳಿದರು.

“ಸ್ವಾಮಿ! ಐದು ನಿಮಿಷ ಮುಂಚೆ ಹೊರಟಿದ್ದು, ಇಪ್ಪತ್ತು ನಿಮಿಷ ತಡ. ಇಪ್ಪತ್ತೈದು ನಿಮಿಷ ಎಲ್ಲಿ ಹೋಯ್ತು?”

ಎಂಟು ದಿನದ ಮೂರು ತೂತಿನ ಕಥೆಗಳು ಕೂಡಿಬಿದ್ದಿದ್ದವು. ಅವನ್ನು ಗಾಳಿಯಲ್ಲಿ ಬೆನ್ನಿಗೆ ಹೇಳಿದರೆ ಸಾಲದೆಂದು, ಹೆಂಡತಿ ಟ್ಯಾಂಕಿನ ನೆರಳಿನಲ್ಲಿ ಸ್ಕೂಟರ್ ನಿಲ್ಲಿಸಿ, ಈ ಕಡೆ ತಿರುಗಿ ಕೂತು, ಎಲ್ಲವನ್ನೂ ಎದುರೆದುರೇ ಕೇಳಿದ್ದಳು. ಆದರೆ ಇದನ್ನು ಕಂಟ್ರೋಲರಿಗೆ ಹೇಳುವ ಅಗತ್ಯ ರಾಯರಿಗೆ ಕಾಣಲಿಲ್ಲ. ಅವರು ಒಳಗೆ ಹೋಗಿ ಗುಂಡಿ ಡಬ್ಬ ತಂದು, ಗೋಡೆಯ ಮೇಲೆ ಇಟ್ಟರು.

“ತಗೊಳ್ಳಿ ಸಾರ್. ಕೆಂಪಗಿರೋದು ಇವಳು. ಮೂರು ತೂತಿಂದು ನಾನು. ಜೋಡಿಸಿ ನೋಡಿ.”

ಕಂಟ್ರೋಲರ್ ಕತ್ತಲಾಗುವವರೆಗೂ ಗೋಡೆಯ ಮೇಲೆ ಗುಂಡಿ ಜೋಡಿಸಿದರು. ಹೋದಷ್ಟೇ ಬಂದರು, ಎರಡೂ ಕಡೆ ಸಮ ಮಾಡಿದರು, ಅತ್ತೆಯನ್ನೂ ಕರೆದು ಕೇಳಿದರು. ಪ್ರತಿ ಸಲವೂ ಇಪ್ಪತ್ತೈದು ಗುಂಡಿ ಕೈಯಲ್ಲೇ ಉಳಿಯಿತು. ಕೊನೆಗೆ ಪುಸ್ತಕ ತೆರೆದು, ಮೂವತ್ತು ವರ್ಷದ ಸೇವೆಯಲ್ಲಿ ಒಮ್ಮೆಯೂ ಬರೆಯದ ಒಂದು ಮಾತನ್ನು ಬರೆದು ಸಹಿ ಹಾಕಿದರು:

‘ವ್ಯತ್ಯಾಸ: ಇಪ್ಪತ್ತೈದು ನಿಮಿಷ. ಕಾರಣ: ತಿಳಿದುಬಂದಿಲ್ಲ.’